ಗಾಜಿನ ಡಿಕಾಲ್ ಕೊನೆಯ ಪುಟದ ಕೆಲಸವಲ್ಲ: ಕನ್ನಡ ನಾಡಿನ ಸ್ಕೇಲ್ ಮಾಡೆಲ್ ಗೆಳೆಯರಿಗೊಂದು ಬಹಿರಂಗ ಪತ್ರ

ವಿಮಾನ, ಕಾರು, ಬಸ್ಸು, ರೈಲುಗಳ ಸ್ಕೇಲ್ ಮಾಡೆಲ್ ಕಟ್ಟುವ ಗೆಳೆಯ ಗೆಳತಿಯರೇ,

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ ಮುಗಿದ ಮೇಲೆ ಅದೇ ಮೇಜು ನಿಮ್ಮ ಕಾರ್ಖಾನೆಯಾಗುತ್ತದೆ. ಚಿಮಟ, ಬ್ಲೇಡು, ಕುಂಚ, ನೀರಿನ ಬಟ್ಟಲು ಹೊರಬರುತ್ತವೆ. ಅಲ್ಲಿಂದ ಮೂಡಿಬರುವ ಮಾಡೆಲ್‌ಗಳನ್ನು ಮೆಚ್ಚುಗೆಯಿಂದ ನೋಡುತ್ತ ಬಂದಿದ್ದೇನೆ. ಆ ಮೆಚ್ಚುಗೆಯ ಸಲಿಗೆಯಲ್ಲೇ ಈ ಪತ್ರ ಬರೆಯುತ್ತಿದ್ದೇನೆ.

ಬಣ್ಣ ಬಳಿದ ಮೈಮೇಲೆ ನೀವು ಕೂರಿಸುವ ಡಿಕಾಲ್‌ಗಳಲ್ಲಿ ಈಗ ಹುಡುಕಿದರೂ ಕುಂದು ಸಿಗುವುದಿಲ್ಲ. ಪ್ಯಾನೆಲ್ ಗೆರೆಗಳೊಳಕ್ಕೆ ಇಳಿದಿರುತ್ತವೆ, ರಿವೆಟ್ಟುಗಳ ಮೇಲೆ ಅಪ್ಪಿ ಕೂತಿರುತ್ತವೆ, ಬಣ್ಣವೇ ಎನ್ನುವಷ್ಟು ಬೆರೆತಿರುತ್ತವೆ. ಅದೇ ಮಾಡೆಲ್‌ನ ಕಿಟಕಿಯತ್ತ ಕಣ್ಣು ಹೊರಳಿದರೆ ನಿರಾಸೆಯಾಗುತ್ತದೆ. ಒಂದೋ ಅಲ್ಲಿರಬೇಕಾದ ಗುರುತು ಇಲ್ಲವೇ ಇಲ್ಲ, ಇಲ್ಲವೇ ಗುರುತಿನ ಸುತ್ತ ಬೆಳ್ಳಿಮಬ್ಬು, ಶಾಯಿಯನ್ನು ಹೊತ್ತ ಪಾರದರ್ಶಕ ಪೊರೆಯ ಅಂಚು, ಒಣಗಿದ ಅಂಟಿನ ಕಲೆ. ‘ಗಾಜಿನ ಮೇಲೆ ಡಿಕಾಲ್ ಕೂರುವುದಿಲ್ಲ, ಬಿಟ್ಟುಬಿಡಿ’ ಎಂಬ ಮಾತು ಹೊಸಬರ ಕಿವಿಗೆ ಬೇಗ ಬೀಳುತ್ತದೆ. ಆ ಮಾತು ಸರಿಯಲ್ಲ. ಗಾಜಿನ ಮೇಲೆ ಡಿಕಾಲ್ ಚೆನ್ನಾಗಿಯೇ ಕೂರುತ್ತದೆ. ನಾವು ಅದನ್ನು ತಡವಾಗಿ ಶುರುಮಾಡುತ್ತೇವೆ, ಅಷ್ಟೇ.

ಕಿಟ್‌ನ ಸೂಚನಾ ಹಾಳೆಯನ್ನು ನೆನಪಿಸಿಕೊಳ್ಳಿ. ಜೋಡಣೆಯ ಚಿತ್ರಗಳು ಮೊದಲು, ಡಿಕಾಲ್‌ಗಳ ನಕ್ಷೆ ಕೊನೆಯ ಪುಟದಲ್ಲಿ. ಮೈಮೇಲಿನ ಗುರುತುಗಳಿಗೆ ಈ ಕ್ರಮ ಒಪ್ಪುತ್ತದೆ, ಏಕೆಂದರೆ ಬಣ್ಣವಾದ ಮೇಲಷ್ಟೇ ಅವು ಬರಬೇಕು. ಕಿಟಕಿಯ ವಿಷಯದಲ್ಲಿ ಇದೇ ಕ್ರಮ ಪಾಲಿಸಿದರೆ ಕೊನೆಯ ಪುಟ ತಲುಪುವಷ್ಟರಲ್ಲಿ ಗಾಜು ಚೌಕಟ್ಟಿಗೆ ಅಂಟಿಕೊಂಡು, ಅದರ ಒಳಮೈ ಶಾಶ್ವತವಾಗಿ ಮುಚ್ಚಿಹೋಗಿರುತ್ತದೆ. ಒರೆಸಲು ಬೆರಳು ಹೋಗುವುದಿಲ್ಲ, ತಿದ್ದಲು ಕುಂಚ ಹೋಗುವುದಿಲ್ಲ. ಹಾಗಾಗಿ ನನ್ನ ಕೋರಿಕೆ ಒಂದೇ: ಗಾಜಿನ ಡಿಕಾಲ್‌ಗಳನ್ನು ಕೊನೆಯ ಪುಟದಿಂದ ಕಿತ್ತು ಮೊದಲ ಪುಟಕ್ಕೆ ತನ್ನಿ. ಉಳಿದ ಪತ್ರವೆಲ್ಲ ಈ ಕೋರಿಕೆಯ ಕಾರಣ ಮತ್ತು ವಿವರ.

ಮೊದಲು ಕಾರಣ. ಇಡೀ ಮಾಡೆಲ್‌ನಲ್ಲಿ ಎರಡೂ ಕಡೆಯಿಂದ ಕಣ್ಣಿಗೆ ಬೀಳುವ ಭಾಗ ಗಾಜೊಂದೇ. ರೆಕ್ಕೆಯ ಮೇಲಿನ ಡಿಕಾಲ್‌ಗೆ ಮುಖ ಮಾತ್ರ ಇದೆ. ಅದರ ಬೆನ್ನು ಬಣ್ಣಕ್ಕೆ ಅಂಟಿ ಅಡಗಿಹೋಗುತ್ತದೆ. ಗಾಜಿನ ಮೇಲಿನ ಡಿಕಾಲ್‌ನ ಬೆನ್ನನ್ನು ಎದುರು ಕಿಟಕಿಯಿಂದಲೂ ತೆರೆದ ಕ್ಯಾನೊಪಿಯಿಂದಲೂ ನೋಡಬಹುದು. ಶಾಯಿಯ ಕೆಳಗಿನ ಬಿಳಿ ಪದರ, ಅಂಟು, ಸಿಕ್ಕಿಬಿದ್ದ ಗಾಳಿ ಎಲ್ಲವೂ ಆ ಬೆನ್ನಿನಲ್ಲಿವೆ. ಮೈಮೇಲೆ ಕ್ಷಮೆ ಸಿಗುವ ಕೊರತೆಗಳಿಗೆ ಇಲ್ಲಿ ಕ್ಷಮೆಯಿಲ್ಲ.

ಆದ್ದರಿಂದ ಕಿಟ್ ತೆರೆದ ದಿನವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಿಜವಾದ ವಾಹನದಲ್ಲಿ ಈ ಗುರುತು ಗಾಜಿನ ಹೊರಮೈಯಲ್ಲಿದೆಯೋ ಒಳಮೈಯಲ್ಲಿದೆಯೋ? ಉತ್ತರ ಒಂದೊಂದಕ್ಕೂ ಬೇರೆ.

ನಮ್ಮ ನಾಡಿಗೆ ತೀರ ಹತ್ತಿರದ ಹಾಕ್ ವಿಮಾನವನ್ನೇ ತೆಗೆದುಕೊಳ್ಳಿ. 2008ರಲ್ಲಿ ಹಾಕ್ ಮಾರ್ಕ್ 132 ಬೀದರ್ ವಾಯುನೆಲೆಯಲ್ಲಿ ವಾಯುಪಡೆಗೆ ಸೇರಿತು. ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ಅದನ್ನು ಇಲ್ಲೇ ತಯಾರಿಸಿತು. 1996ರಲ್ಲಿ ಬೀದರ್‌ನಲ್ಲಿ ಎಚ್‌ಎಎಲ್‌ನದೇ ಕಿರಣ್ ವಿಮಾನಗಳೊಂದಿಗೆ ಹುಟ್ಟಿದ, ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ ಈಗ ಹಾರಿಸುವುದೂ ಹಾಕ್ ವಿಮಾನವನ್ನೇ. ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನೋಡಲು ಯಲಹಂಕಕ್ಕೆ ಹೋದವರು ಕೆಂಪು-ಬಿಳಿ ಹಾಕ್‌ಗಳ ಕ್ಯಾನೊಪಿಯ ಗಾಜಿನಲ್ಲಿ ಅಂಕುಡೊಂಕಾಗಿ ಓಡುವ ಬೂದು ಎಳೆಯೊಂದನ್ನು ಕಂಡಿರಬಹುದು. ಅದು ಅಲಂಕಾರವಲ್ಲ, ಸಣ್ಣ ಸ್ಫೋಟಕ ಎಳೆ. ಪೈಲಟ್ ತುರ್ತಾಗಿ ಆಸನ ಸಮೇತ ಹೊರಗೆ ಚಿಮ್ಮಬೇಕಾದಾಗ ಈ ಎಳೆ ಸಿಡಿದು ಗಾಜನ್ನು ಚೂರು ಮಾಡುತ್ತದೆ, ಆಸನಕ್ಕೆ ದಾರಿ ತೆರೆಯುತ್ತದೆ. ಹ್ಯಾರಿಯರ್ ವಿಮಾನದಲ್ಲೂ ಇದೇ ವ್ಯವಸ್ಥೆಯಿದೆ. ಒಬ್ಬರ ಜೀವ ಉಳಿಸುವ ಗೆರೆಯನ್ನು ನಾವು ಮಾಡೆಲ್‌ನಲ್ಲಿ ‘ಕಷ್ಟ’ ಎಂದು ಬಿಟ್ಟುಬಿಡುವುದು ನ್ಯಾಯವಲ್ಲ.

ಆ ಎಳೆ ಇರುವುದು ಗಾಜಿನ ಒಳಮೈಯಲ್ಲಿ. ಕೆಲವು ಕಿಟ್‌ಗಳಲ್ಲಿ ಅದು ಅಚ್ಚಿನಲ್ಲೇ ಉಬ್ಬಿರುತ್ತದೆ, ಕೆಲವಲ್ಲಿ ಡಿಕಾಲ್ ಆಗಿ ಬರುತ್ತದೆ. ಡಿಕಾಲ್ ಆಗಿದ್ದರೆ ಹೊರಗೆ ಹಚ್ಚುವುದು ಸುಲಭ, ಒಳಗೆ ಹಚ್ಚುವುದು ಸರಿ. ಒಳಮೈ ತಗ್ಗಾಗಿರುವುದರಿಂದ ಅಲ್ಲಿ ಹಾಕಿದ ದ್ರವವೆಲ್ಲ ನಡುವಿಗೆ ಬಂದು ನಿಲ್ಲುತ್ತದೆ. ಮೃದುಕಾರಕ, ಅಂದರೆ ಡಿಕಾಲನ್ನು ಮೆದುವಾಗಿಸುವ ದ್ರವ, ಹಾಗೆ ನಿಂತರೆ ಡಿಕಾಲ್ ಸುಕ್ಕಾಗಿ ಕರಗಬಹುದು. ಭಾಗವನ್ನು ಓರೆಯಾಗಿ ಹಿಡಿದು, ಟಿಶ್ಯೂ ಕಾಗದದ ಮೂಲೆಯಿಂದ ಆಗಾಗ ಹೀರಿಸುತ್ತಿರಿ. ಉದ್ದದ ಡಿಕಾಲ್ ಒಂದೇ ಬಾರಿ ಬಾಗಿದ ಮೈಗೆ ಒಗ್ಗುವುದಿಲ್ಲ. ಗೆರೆ ತಿರುಗುವ ಜಾಗಗಳಲ್ಲಿ ಕತ್ತರಿಸಿ ತುಂಡುತುಂಡಾಗಿ ಕೂರಿಸಿದರೆ ಕೂಡುಗೆರೆ ಕಾಣುವುದಿಲ್ಲ.

ಎರಡನೇ ಮಹಾಯುದ್ಧದ ಜರ್ಮನ್ ಡೈವ್ ಬಾಂಬರ್ ಯುಂಕರ್ಸ್ 87, ಅಂದರೆ ಸ್ಟೂಕಾ ಕಟ್ಟುವವರಿಗೂ ಇಂಥದೇ ಪ್ರಶ್ನೆ ಎದುರಾಗುತ್ತದೆ. ಅದರ ಬದಿಗಾಜಿನ ಮೇಲೆ ಕೋನಗಳ ಗೆರೆಗಳಿದ್ದವು. ಎರಗುವಾಗ ಪೈಲಟ್ ಆ ಗೆರೆಗಳನ್ನು ದಿಗಂತಕ್ಕೆ ಸರಿಹೊಂದಿಸಿ ತಾನೆಷ್ಟು ಕಡಿದಾಗಿ ಇಳಿಯುತ್ತಿದ್ದೇನೆಂದು ಅಳೆಯುತ್ತಿದ್ದ. 1/72ರಲ್ಲಿ ಅವು ಕೂದಲಿನಷ್ಟು ತೆಳು. ಅಷ್ಟು ತೆಳುವಾದ ಗೆರೆಯ ಸುತ್ತ ಅಗಲವಾದ ಪೊರೆ ಉಳಿದರೆ ನೋಡುವವರಿಗೆ ಕಾಣುವುದು ಪೊರೆಯೇ, ಗೆರೆಯಲ್ಲ.

ಕಾರು ಕಟ್ಟುವವರು ಮುಂಗಾಜಿನ ಅಂಚಿನ ಕಪ್ಪು ಪಟ್ಟಿಯನ್ನು ನೋಡಿ. ಒಳಗೆ ಬಂದಂತೆ ಚುಕ್ಕೆಚುಕ್ಕೆಯಾಗಿ ಕರಗುವ ಈ ಪಟ್ಟಿ ಗಾಜಿಗೆ ಸುಟ್ಟು ಕೂರಿಸಿದ ಸಿರಾಮಿಕ್ ಬಣ್ಣ. ಗಾಜನ್ನು ಕಾರಿನ ಮೈಗೆ ಹಿಡಿದಿಡುವ ಅಂಟು ಬಿಸಿಲಿಗೆ ಕೆಡದಂತೆ ಕಾಯುವುದು, ಅಂಟಿನ ಗೆರೆ ಹೊರಗೆ ಕಾಣದಂತೆ ಮುಚ್ಚುವುದು ಅದರ ಕೆಲಸ. ಅದು ಹೊರಮೈಯಲ್ಲಿರುವುದಿಲ್ಲ. ಆದ್ದರಿಂದಲೇ ನಿಜವಾದ ಕಾರಿನಲ್ಲಿ ಆ ಕಪ್ಪಿನ ಮೇಲೆ ಗಾಜಿನ ಹೊಳಪು ಅಖಂಡವಾಗಿ ಹರಿಯುತ್ತದೆ. ಹಿಂಗಾಜಿನ ಮಂಜು ಕರಗಿಸುವ ತಂತಿಗೆರೆಗಳೂ ಒಳಮೈಯವೇ. ಇವನ್ನು ಹೊರಗೆ ಹಚ್ಚಿದರೆ ಮಾಡೆಲ್ ಆಟಿಕೆಯಂತೆ ಕಾಣುವುದಕ್ಕೆ ಇನ್ನೊಂದು ಕಾರಣವೂ ಇದೆ. ನಿಜವಾದ ಮುಂಗಾಜಿನ ದಪ್ಪ ಸುಮಾರು 5 ಮಿಲಿಮೀಟರ್. 1/24ಕ್ಕೆ ಇಳಿಸಿದರೆ ಅದು 0.2 ಮಿಲಿಮೀಟರ್ ಆಗಬೇಕು. ಕಿಟ್‌ನ ಪಾರದರ್ಶಕ ಭಾಗ 1 ಮಿಲಿಮೀಟರ್ ದಪ್ಪವಿದ್ದರೆ ಅದು 24 ಮಿಲಿಮೀಟರ್ ಗಾಜಿಗೆ ಸಮ. ಅಷ್ಟು ದಪ್ಪದ ಹೊರಮೈಯಲ್ಲಿರುವ ಗೆರೆ ಒಳಮೈಯಲ್ಲಿ ಪ್ರತಿಫಲಿಸಿ, ಓರೆಯಿಂದ ನೋಡಿದಾಗ ಎರಡಾಗಿ ಕಾಣುತ್ತದೆ.

ಇನ್ನು ಅಕ್ಷರಗಳ ಮಾತು. ನಮ್ಮ ಕರಾವಳಿ, ಮಲೆನಾಡಿನ ಖಾಸಗಿ ಬಸ್ಸುಗಳ ಮುಂಗಾಜಿನ ಮೇಲ್ಪಟ್ಟಿಯಲ್ಲಿ ದೇವರ ಹೆಸರೋ ಮಾಲೀಕರ ಮಕ್ಕಳ ಹೆಸರೋ ದೊಡ್ಡದಾಗಿ ಇರುತ್ತದೆ. ಲಾರಿಗಳಲ್ಲೂ ಹಾಗೆಯೇ. ಅಂಥ ಬಸ್ಸನ್ನು ಪ್ಲಾಸ್ಟಿಕ್ ಹಾಳೆಯಿಂದ ಕಟ್ಟಲು ಹೊರಟವರಿಗೆ ಯಾವ ಕಿಟ್‌ನ ಡಿಕಾಲ್ ಹಾಳೆಯೂ ನೆರವಾಗುವುದಿಲ್ಲ. ನಾವೇ ಮುದ್ರಿಸಿಕೊಳ್ಳಬೇಕು. ಇಂಕ್‌ಜೆಟ್‌ನಲ್ಲಿ ಮುದ್ರಿಸಿದರೆ ನೀರಿಗೆ ಹಾಕುವ ಮೊದಲು ಪಾರದರ್ಶಕ ಸ್ಪ್ರೇ ಹೊಡೆದು ಶಾಯಿಯನ್ನು ಕಾಯಬೇಕು. ಲೇಸರ್ ಮುದ್ರಣಕ್ಕೆ ಆ ಅಗತ್ಯವಿಲ್ಲ. ಎರಡಕ್ಕೂ ಇರುವ ದೊಡ್ಡ ಮಿತಿಯೆಂದರೆ ಮನೆಯ ಸಾಮಾನ್ಯ ಮುದ್ರಕದಲ್ಲಿ ಬಿಳಿ ಬಣ್ಣವಿಲ್ಲ. ಬಿಳಿಯಿಲ್ಲದ ಹಳದಿ, ಕೆಂಪು ಅಕ್ಷರಗಳು ಗಾಜಿನ ಮೇಲೆ ತೆಳು ಬಣ್ಣದ ನೆರಳಾಗಿ, ಹಿಂದಿನ ಕತ್ತಲೆಯಲ್ಲಿ ಮುಳುಗಿಬಿಡುತ್ತವೆ. ಇದಕ್ಕೆ ಪರಿಹಾರ ನಮ್ಮ ಊರುಗಳಲ್ಲೇ ಇದೆ. ಕಿಟ್‌ಗಳ ಉತ್ತಮ ಡಿಕಾಲ್‌ಗಳು ಇವತ್ತಿಗೂ ತಯಾರಾಗುವುದು ಸ್ಕ್ರೀನ್ ಪ್ರಿಂಟಿಂಗ್‌ನಿಂದ, ನಮ್ಮ ಮದುವೆ ಕರೆಯೋಲೆಗಳಿಗೂ ಅದೇ ವಿಧಾನ. ಕರೆಯೋಲೆ ಮುದ್ರಿಸುವವರ ಬಳಿ ಡಿಕಾಲ್ ಕಾಗದ ಒಯ್ದು, ಅದರ ಪೊರೆಗೆ ಹಿಡಿಯುವ ಶಾಯಿ ಇದೆಯೇ ಎಂದು ಕೇಳಿ. ನಾಲ್ಕಾರು ಗೆಳೆಯರು ಸೇರಿ ಒಂದೇ ಹಾಳೆಗೆ ಬೇಕಾದ್ದೆಲ್ಲ ಜೋಡಿಸಿದರೆ ಖರ್ಚೂ ಹಂಚಿಹೋಗುತ್ತದೆ.

ಅಕ್ಷರದ ಆಕಾರಕ್ಕೆ ಕಂಪ್ಯೂಟರಿನ ಫಾಂಟ್ ನೆಚ್ಚಬೇಡಿ. ಬಸ್ಸಿನ ಗಾಜಿನ ಮೇಲಿನ ಅಕ್ಷರ ಪೇಂಟರ್ ಒಬ್ಬರ ಕೈಬರಹ. ಅದರ ದುಂಡು, ಅದರ ತಲೆಕಟ್ಟು, ಅದರ ನೆರಳು ಬೇರೆ. ನಿಜವಾದ ಗಾಜಿನ ನೇರ ಚಿತ್ರ ತೆಗೆದು, ಅದರ ಮೇಲೇ ಗೆರೆ ಎಳೆದು ಅಕ್ಷರ ಸಿದ್ಧಪಡಿಸಿ. 12 ಸೆಂಟಿಮೀಟರ್ ಎತ್ತರದ ಅಕ್ಷರ 1/24ರಲ್ಲಿ 5 ಮಿಲಿಮೀಟರ್ ಆಗುತ್ತದೆ. ಅದರ ಒತ್ತಕ್ಷರ ಇನ್ನೂ ಚಿಕ್ಕದು. ಹಾಗಾಗಿ ಒತ್ತಿನ ಒಳಗಿನ ಖಾಲಿ ಜಾಗ ಶಾಯಿ ತುಂಬಿ ಮುಚ್ಚದಂತೆ ಮೊದಲೇ ಸ್ವಲ್ಪ ಬಿಡಿಸಿಡಬೇಕು.

ಗಾಜಿನ ಒಳಗಿನಿಂದ ಅಂಟಿಸಿ ಹೊರಗಿನಿಂದ ಓದಿಸಬೇಕಾದ ಅಕ್ಷರಕ್ಕೆ ಹೆಚ್ಚಿನವರು ಬಳಸದ ಒಂದು ಉಪಾಯವಿದೆ. ಸಾಮಾನ್ಯ ಡಿಕಾಲ್‌ನ ಅಂಟಿನ ಕಡೆಯನ್ನು ಒಳಮೈಗೆ ಹಚ್ಚಿದರೆ ಹೊರಗಿನಿಂದ ಅಕ್ಷರ ತಿರುವುಮುರುವಾಗಿ ಕಾಣುತ್ತದೆ. ಬದಲಿಗೆ ಡಿಕಾಲನ್ನು ಕಾಗದ ಸಮೇತ ನೆನೆಸಿ, ಮುದ್ರಣದ ಮುಖವನ್ನೇ ಗಾಜಿನ ಒಳಮೈಗೆ ಒತ್ತಿ ಇಡಿ. ನಡುವೆ ತೆಳುವಾಗಿ ಪಾರದರ್ಶಕ ಅಕ್ರಿಲಿಕ್ ಹೊಳಪು ದ್ರವ ಇರಲಿ. ಅದು ಹಿಡಿದುಕೊಂಡ ಮೇಲೆ ಕಾಗದಕ್ಕೆ ಮತ್ತೆ ನೀರು ಮುಟ್ಟಿಸಿ ಮೆಲ್ಲಗೆ ಜಾರಿಸಿ ತೆಗೆಯಿರಿ. ಈಗ ಡಿಕಾಲ್‌ನ ಮುಖ ಗಾಜಿನ ಮೂಲಕ ಹೊರಗೆ ನೋಡುತ್ತದೆ, ಅಕ್ಷರ ನೇರವಾಗಿ ಓದಿಸಿಕೊಳ್ಳುತ್ತದೆ. ಅಂಟಿನ ಕಡೆ ಒಳಗೆ ತೆರೆದಿರುವುದರಿಂದ ಅದನ್ನು ತೊಳೆದುಬಿಡಬಹುದು. ಗಾಜು ಬಿಡಿಯಾಗಿ ಕೈಯಲ್ಲಿರುವಾಗ ಮಾತ್ರ ಇದೆಲ್ಲ ಸಾಧ್ಯ. ಮೊದಲ ಪುಟಕ್ಕೆ ತನ್ನಿ ಎಂದದ್ದು ಇದಕ್ಕೇ.

ಈಗ ಎಲ್ಲರನ್ನೂ ಕಾಡುವ ಬೆಳ್ಳಿಮಬ್ಬು, ನಾವು ಸಿಲ್ವರಿಂಗ್ ಎನ್ನುವುದು. ಇದರ ಬೇರು ಬೆಳಕಿನ ಲೆಕ್ಕದಲ್ಲಿದೆ. ಕಿಟ್‌ನ ಗಾಜಿನ ಭಾಗಗಳ ಪಾರದರ್ಶಕ ಪಾಲಿಸ್ಟೈರೀನ್‌ನ ವಕ್ರೀಭವನಾಂಕ 1.59, ಅಕ್ರಿಲಿಕ್‌ನದು ಸುಮಾರು 1.49, ಗಾಳಿಯದು 1. ಡಿಕಾಲ್ ಪೊರೆಯೂ ಅಕ್ರಿಲಿಕ್‌ಗೆ ಹತ್ತಿರವೇ. ಬೆಳಕು ಪ್ಲಾಸ್ಟಿಕ್‌ನಿಂದ ಗಾಳಿಗೆ ದಾಟುವಾಗ ನೂರಕ್ಕೆ ಸುಮಾರು 5 ಪಾಲು ಹಿಂದಕ್ಕೆ ಚಿಮ್ಮುತ್ತದೆ, ಗಾಳಿಯಿಂದ ಪೊರೆಗೆ ದಾಟುವಾಗ ಸುಮಾರು 4 ಪಾಲು. ಪ್ಲಾಸ್ಟಿಕ್ ಮತ್ತು ಪೊರೆಯ ನಡುವೆ ಗಾಳಿಯ ತೆಳು ಪದರ ಸಿಕ್ಕಿಬಿದ್ದರೆ ಈ ಎರಡೂ ಸೇರಿ ನೂರಕ್ಕೆ 9ರಷ್ಟು ಬೆಳಕು ಕಣ್ಣಿಗೆ ಹೊಡೆಯುತ್ತದೆ. ಬೆಳ್ಳಿಯಂತೆ ಕಾಣುವುದು ಇದೇ. ಗಾಳಿಯ ಜಾಗದಲ್ಲಿ ಅಕ್ರಿಲಿಕ್ ತುಂಬಿದರೆ ಹಿಂದಕ್ಕೆ ಚಿಮ್ಮುವುದು ಸಾವಿರಕ್ಕೆ ಒಂದು ಪಾಲು ಮಾತ್ರ. ಒಣಗಿದ ಕಡಪ ಕಲ್ಲಿಗೆ ನೀರು ಬಿದ್ದ ಕೂಡಲೇ ಅದರ ಬಣ್ಣ ಏಳುವುದೂ ಇಂಥದೇ ಕಾರಣದಿಂದ. ಗಾಜಿನ ಡಿಕಾಲ್‌ನ ಕಲೆಯೆಲ್ಲ ಈ ಒಂದು ಸಾಲಿನಲ್ಲಿದೆ: ಗಾಳಿಗೆ ಜಾಗ ಕೊಡಬೇಡಿ.

ಅದಕ್ಕೆ ಮೈ ನುಣುಪಾಗಿರಬೇಕು. ಪಾರದರ್ಶಕ ಭಾಗವನ್ನು ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನ ಹನಿಯಿಂದ ತೊಳೆಯಿರಿ. ಅಚ್ಚಿನ ಎಣ್ಣೆ, ಬೆರಳಿನ ಜಿಡ್ಡು ಹೋಗಬೇಕು. ಥಿನ್ನರ್, ಅಸಿಟೋನ್ ಹತ್ತಿರ ತರಬೇಡಿ. ಈ ಪ್ಲಾಸ್ಟಿಕ್ ಗಟ್ಟಿಯಾದರೂ ಪೆಡಸು, ಒಳಗೊಳಗೇ ಸೀಳುಬಿಡುತ್ತದೆ. ಗೀರುಗಳಿದ್ದರೆ ನುಣ್ಣನೆಯ ಮರಳುಕಾಗದದಿಂದ ಶುರುಮಾಡಿ ಪಾಲಿಶಿಂಗ್ ಕಾಂಪೌಂಡ್‌ವರೆಗೆ ಹಂತಹಂತವಾಗಿ ಉಜ್ಜಿ. ಆಮೇಲೆ ಭಾಗವನ್ನು ಪಾರದರ್ಶಕ ಅಕ್ರಿಲಿಕ್‌ನಲ್ಲಿ ಅದ್ದಿ ತೆಗೆಯಿರಿ. ಬಹುಕಾಲ ಜಗತ್ತಿನ ಮಾಡೆಲ್‌ಗಾರರೆಲ್ಲ ಇದಕ್ಕೆ ಫ್ಯೂಚರ್ ಎಂಬ ಅಮೆರಿಕದ ನೆಲದ ಪಾಲಿಶ್ ಬಳಸುತ್ತಿದ್ದರು. ಅದು ಹೆಸರು ಬದಲಿಸುತ್ತ ಬಂದು ಈಗ ಸಿಗುವುದೇ ಕಷ್ಟವಾಗಿದೆ. ಅದೇ ಕೆಲಸಕ್ಕೆಂದು ಆಲ್ಕ್ಲಾಡ್, ಎ.ಕೆ. ಮೊದಲಾದ ಕಂಪನಿಗಳ ಅಕ್ರಿಲಿಕ್ ಹೊಳಪುಗಳಿವೆ. ಅದ್ದಿದ ಮೇಲೆ ಅಂಚನ್ನು ಟಿಶ್ಯೂ ಮೇಲೆ ತಾಕಿಸಿ ನಿಲ್ಲಿಸಿ. ಕೆಳಗೆ ಇಳಿದ ಹನಿಯನ್ನು ಟಿಶ್ಯೂ ಹೀರಿಕೊಳ್ಳುತ್ತದೆ. ಧೂಳು ಕೂರದಂತೆ ಡಬ್ಬಿ ಮುಚ್ಚಿ, ಒಂದೆರಡು ದಿನ ಮುಟ್ಟಬೇಡಿ.

ಡಿಕಾಲ್ ಕತ್ತರಿಸುವುದರಲ್ಲೂ ಗಾಜಿಗೆ ಬೇರೆ ನಿಯಮ. ಗೆರೆಯೋ ಪಟ್ಟಿಯೋ ಆಗಿದ್ದರೆ ಹೊಸ ಬ್ಲೇಡಿನಿಂದ ಶಾಯಿಯ ಅಂಚಿಗೇ ಕತ್ತರಿಸಿ. ಅಕ್ಷರಗಳ ಸಾಲಾದರೆ ನಡುವಿನ ಪೊರೆ ತೆಗೆಯಲು ಬರುವುದಿಲ್ಲ, ಆಗ ತದ್ವಿರುದ್ಧ ಮಾಡಿ. ಪೊರೆಯನ್ನು ಇಡೀ ಗಾಜಿನ ಅಳತೆಗೇ ಕತ್ತರಿಸಿ, ಅದರ ಅಂಚು ಚೌಕಟ್ಟಿನ ರಬ್ಬರ್ ಗೆರೆಯ ಮೇಲೆ ಬೀಳುವಂತೆ ನೋಡಿಕೊಳ್ಳಿ. ಕಣ್ಣು ಹಿಡಿಯುವುದು ಪೊರೆಯ ಅಂಚನ್ನು. ಅಂಚೇ ಚೌಕಟ್ಟಿನಡಿ ಅಡಗಿದರೆ ಪೊರೆ ಇದೆಯೆಂದೇ ತಿಳಿಯುವುದಿಲ್ಲ. ಕಿಟ್‌ನ ಪೊರೆ ಅಷ್ಟು ಅಗಲವಿಲ್ಲದಿದ್ದರೆ ಖಾಲಿ ಪಾರದರ್ಶಕ ಡಿಕಾಲ್ ಹಾಳೆಯ ತುಂಡನ್ನು ಇಡೀ ಗಾಜಿನ ಮೇಲೆ ಹೊದಿಸಬಹುದು.

ಹಳೆಯ ಕಿಟ್‌ನ ಪೊರೆ ಹಳದಿಯಾಗಿದ್ದರೆ ಮೈಮೇಲೆ ಹೇಗೋ ಸಾಗುತ್ತದೆ, ಗಾಜಿನ ಮೇಲೆ ಸಾಗುವುದಿಲ್ಲ. ಹಾಳೆಯನ್ನು ಮುಚ್ಚಿದ ಪಾರದರ್ಶಕ ಚೀಲದಲ್ಲಿಟ್ಟು, ಮುದ್ರಣ ಹೊರಗೆ ಮುಖಮಾಡುವಂತೆ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಕೆಲವು ದಿನ ಬಿಡಿ. ಬಿಸಿಲು ಹಳದಿಯನ್ನು ಬಹುಮಟ್ಟಿಗೆ ಕಳೆಯುತ್ತದೆ. ಬಳ್ಳಾರಿ, ಕಲಬುರಗಿಯವರಿಗೆ ಇದಕ್ಕೆ ಬಿಸಿಲಿನ ಕೊರತೆಯಿಲ್ಲ.

ನೀರಿನ ಬಗ್ಗೆ ಎಚ್ಚರ ಬೇಕು. ಬೋರ್‌ವೆಲ್‌ನ ಗಡಸು ನೀರು ಒಣಗಿದ ಮೇಲೆ ಬಿಳಿ ಉಂಗುರ ಬಿಡುತ್ತದೆ. ಮೈಮೇಲೆ ಅದು ವಾರ್ನಿಷ್ ಅಡಿ ಮರೆಯಾದರೂ ಗಾಜಿನಲ್ಲಿ ಎದ್ದು ಕಾಣುತ್ತದೆ. ಫಿಲ್ಟರ್ ಮಾಡಿದ ಆರ್.ಒ. ನೀರೋ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೋ ಬಳಸಿ. ಮೈಮೇಲಿನ ಡಿಕಾಲ್‌ಗೆ ಅಂಟು ಉಳಿಯಲಿ ಎನ್ನುತ್ತೇವೆ. ಗಾಜಿನ ಡಿಕಾಲ್‌ಗೆ ಅಂಟು ತೊಳೆದುಹೋಗಲಿ. ಒಣಗಿದ ಅಂಟು ಕಂದು ಕಲೆಯಾಗಿ ಹಿಂದಿನಿಂದ ಕಾಣುತ್ತದೆ. ಅಂಟಿನ ಬದಲು ಗಾಜಿನ ಮೇಲೆ ಅದೇ ಪಾರದರ್ಶಕ ಅಕ್ರಿಲಿಕ್‌ನ ತೆಳು ಪದರ ಹರಡಿ, ಅದು ಹಸಿಯಿರುವಾಗಲೇ ಡಿಕಾಲ್ ಇಳಿಸಿ. ನಡುವಿನಿಂದ ಅಂಚಿನತ್ತ ಒದ್ದೆ ಇಯರ್ ಬಡ್ ಉರುಳಿಸುತ್ತ ಹೆಚ್ಚಿನದನ್ನು ಹೊರಗೆ ತಳ್ಳಿ. ಬೇಗ ಕೈ ನಡೆಸಬೇಕು, ಅಕ್ರಿಲಿಕ್ ಬಹಳ ಹೊತ್ತು ಕಾಯುವುದಿಲ್ಲ.

ಮುಗಿಸುವ ಮೊದಲು ಭಾಗವನ್ನು ತಿರುಗಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಗುಳ್ಳೆ ಕಂಡರೆ ಒದ್ದೆ ಕುಂಚದಿಂದ ಹತ್ತಿರದ ಅಂಚನ್ನು ಎತ್ತಿ ದಾರಿಮಾಡಿ. ಮೈಮೇಲಿನಂತೆ ಸೂಜಿಯಿಂದ ಚುಚ್ಚಬೇಡಿ, ಗಾಜಿನಲ್ಲಿ ಸೂಜಿಯ ತೂತು ಉಳಿಯುತ್ತದೆ. ಮೃದುಕಾರಕ ಬೇಕಾದದ್ದು ಬಾಗಿದ ಮೈಗೆ ಮಾತ್ರ. ಮೈಕ್ರೊ ಸೆಟ್‌ನಂಥ ಸೌಮ್ಯ ದ್ರವದಿಂದ ಶುರುಮಾಡಿ, ಅಗತ್ಯ ಬಿದ್ದರಷ್ಟೇ ಮೈಕ್ರೊ ಸೋಲ್ ಅಥವಾ ಮಿಸ್ಟರ್ ಮಾರ್ಕ್ ಸಾಫ್ಟರ್ ಕಡೆ ಹೋಗಿ. ಬಲವಾದ ದ್ರವ ಅಕ್ರಿಲಿಕ್ ಪದರವನ್ನೇ ಮಬ್ಬಾಗಿಸಬಹುದು. ಕಿಟ್‌ನ ಪಾರದರ್ಶಕ ಸ್ಪ್ರೂ ಎಸೆಯಬೇಡಿ. ಅದೇ ಪ್ಲಾಸ್ಟಿಕ್, ಅದೇ ಲೇಪನ ಹಾಕಿ ಅದರ ಮೇಲೆ ಮೊದಲು ಪರೀಕ್ಷಿಸಿ. ಡಿಕಾಲ್ ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಅಂಟಿನ ಜಿಡ್ಡು ಒರೆಸಿ ಮೇಲೊಂದು ತೆಳು ಹೊಳಪು ಕೊಡಿ. ಮೈಗೆ ಮ್ಯಾಟ್ ವಾರ್ನಿಷ್ ಹೊಡೆಯುವ ದಿನ ಗಾಜನ್ನು ಟೇಪಿನಿಂದ ಮುಚ್ಚಲೇಬೇಕು. ಆದರೆ ಟೇಪಿನ ಅಂಟು ನೇರವಾಗಿ ಡಿಕಾಲ್ ಮೇಲೆ ಬೀಳದಿರಲಿ.

ರ‍್ಯಾಲಿ ಕಾರುಗಳ ಮುಂಗಾಜಿನ ಮೇಲಿನ ಬಣ್ಣದ ಪಟ್ಟಿಯಂಥವಕ್ಕೆ ಇನ್ನೊಂದು ಹೆಜ್ಜೆಯಿದೆ. ಡಿಕಾಲ್ ಹೊರಗೆ ಕೂತ ಮೇಲೆ ಅದರ ಹಿಂದೆ, ಗಾಜಿನ ಒಳಮೈಯಲ್ಲಿ, ಅದೇ ಅಳತೆಗೆ ಕಪ್ಪು ಬಣ್ಣ ಬಳಿಯಿರಿ. ಹೊರಗಿನಿಂದ ಬಣ್ಣಕ್ಕೆ ಗಟ್ಟಿತನ ಬರುತ್ತದೆ, ಒಳಗಿನಿಂದ ಬಿಳಿ ಬೆನ್ನು ಮರೆಯಾಗುತ್ತದೆ.

ಕೊನೆಗೆ ಗಾಜನ್ನು ಕೂರಿಸುವ ಕೆಲಸ. ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಯಾವುದೇ ಆಗಲಿ, ಗಾಜಿನ ಹತ್ತಿರ ಬೇಡ. ಅದರ ಆವಿ ತೇವ ಮತ್ತು ಬೆರಳಿನ ಜಿಡ್ಡು ಸಿಕ್ಕಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಅಪರಾಧ ಪತ್ತೆಯ ಪ್ರಯೋಗಾಲಯಗಳಲ್ಲಿ ಬೆರಳಚ್ಚು ಎಬ್ಬಿಸಲು ಬಳಸುವುದೂ ಇದೇ ಆವಿಯನ್ನು. ಮಳೆಗಾಲದ ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಗಾಳಿಯ ತೇವವೇ ಸಾಕು. ಬಿಳಿ ಅಂಟು ಅಥವಾ ಕ್ಯಾನೊಪಿ ಅಂಟು ಬಳಸಿ. ನಿಧಾನವಾದರೂ ಒಣಗಿದ ಮೇಲೆ ಪಾರದರ್ಶಕ, ತಪ್ಪಿದರೆ ನೀರಿನಲ್ಲಿ ಒರೆಸಬಹುದು.

ಎಲ್ಲ ಕಿಟಕಿಗೂ ಗಾಜೇ ಆಗಬೇಕೆಂಬ ಹಟ ನನಗಿಲ್ಲ. ಏರ್ ಇಂಡಿಯಾಕ್ಕೆ 1971ರಲ್ಲಿ ಸೇರಿದ ಬೋಯಿಂಗ್ 747 ನೆನಪಿಸಿಕೊಳ್ಳಿ. ಪ್ರತಿ ಕಿಟಕಿಯ ಸುತ್ತಲೂ ಕೆಂಪು ಝರೋಖಾ ಕಮಾನು. 1/144ರಲ್ಲಿ ಆ ಕಿಟಕಿ ಎರಡು ಮೂರು ಮಿಲಿಮೀಟರ್ ಅಷ್ಟೇ. ಅಲ್ಲಿ ಪಾರದರ್ಶಕ ಪಟ್ಟಿಯ ಮೇಲೆ ಝರೋಖಾ ಡಿಕಾಲ್ ಎಳೆದರೆ ಸಾಲು ಸಾಲಾಗಿ ಸಿಲ್ವರಿಂಗ್ ಕಟ್ಟಿಟ್ಟದ್ದು. ಎರಡು ದಾರಿಗಳಿವೆ. ಒಂದು, ಕಿಟಕಿಗಳನ್ನು ಪುಟ್ಟಿಯಿಂದ ತುಂಬಿ, ಮೈ ಸಮ ಮಾಡಿ, ಕಿಟಕಿಯನ್ನೂ ಡಿಕಾಲ್ ಆಗಿಯೇ ಹಚ್ಚುವುದು. ಇನ್ನೊಂದು, ಪಾರದರ್ಶಕ ಪಟ್ಟಿ ಹಾಕದೆ ಡಿಕಾಲ್ ಕೂರಿಸಿ, ಒಣಗಿದ ಮೇಲೆ ಕಿಟಕಿಯ ಜಾಗದ ಪೊರೆಯನ್ನು ಕತ್ತರಿಸಿ ತೆಗೆದು, ತೂತಿಗೆ ಮೈಕ್ರೊ ಕ್ರಿಸ್ಟಲ್ ಕ್ಲಿಯರ್ ಎಂಬ ಪಾರದರ್ಶಕ ಅಂಟು ಎಳೆದು ಗಾಜು ಕಟ್ಟಿಸುವುದು. ಎರಡೂ ಒಪ್ಪುವ ದಾರಿಗಳೇ. ಯಾವುದೆಂದು ತೀರ್ಮಾನ ಮಾಡುವ ಹೊತ್ತು ಮಾತ್ರ ವಿಮಾನದ ಎರಡು ಹೋಳುಗಳನ್ನು ಅಂಟಿಸುವುದಕ್ಕೆ ಮೊದಲು.

ಹಿರಿಯ ಗೆಳೆಯರಲ್ಲಿ ಒಂದು ಮನವಿ. ಇದರಲ್ಲಿ ಬಹಳಷ್ಟು ನಿಮಗೆ ಗೊತ್ತು. ಆದರೆ ಗೊತ್ತಿದ್ದದ್ದು ಮುಗಿದ ಮಾಡೆಲ್‌ನ ಚಿತ್ರದಲ್ಲಿ ಕಾಣುವುದಿಲ್ಲ, ಹೊಸಬರಿಗೆ ಕಾಣುವುದು ಫಲ ಮಾತ್ರ. ಮುಂದಿನ ಬಾರಿ ಎಲ್ಲರೂ ಸೇರಿದಾಗ ಒಂದು ಗಾಜಿಗೆ ಅವರ ಕಣ್ಣೆದುರೇ ಡಿಕಾಲ್ ಕೂರಿಸಿ ತೋರಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ತೋರಿಸಿ. ‘ಬಿಟ್ಟುಬಿಡು’ ಎನ್ನುವ ಬದಲು ‘ಹೀಗೆ ಮಾಡು’ ಎನ್ನಿ. ಸ್ಪರ್ಧೆಗಳಲ್ಲಿ ಮಾಡೆಲ್ ತೂಗುವ ಹೊಣೆ ಹೊತ್ತವರು ಕಿಟಕಿಯನ್ನು ಒಳಗಿನಿಂದಲೂ ನೋಡಿ, ಗಾಜಿನ ಗುರುತಿಗೆ ಧೈರ್ಯ ಮಾಡಿದವರ ಶ್ರಮಕ್ಕೆ ಬೆಲೆ ಕೊಡಿ.

ಹೊಸಬರೇ, ನೀವು ಹೆದರಬೇಡಿ. ಈಗ ನಿಮ್ಮ ಕೈಯಲ್ಲಿರುವ ಕಿಟ್‌ನ ಸೂಚನಾ ಹಾಳೆ ತೆರೆಯಿರಿ. ಕೊನೆಯ ಪುಟದಲ್ಲಿ ಗಾಜಿಗೆ ಸೇರಿದ ಗುರುತುಗಳ ಸುತ್ತ ಪೆನ್ಸಿಲಿನಿಂದ ಸುತ್ತು ಹಾಕಿ, ಪಕ್ಕದಲ್ಲಿ ‘ಒಳಗೆ’ ಅಥವಾ ‘ಹೊರಗೆ’ ಎಂದು ಬರೆಯಿರಿ. ಆಮೇಲೆ ಮೊದಲ ಭಾಗವನ್ನು ಸ್ಪ್ರೂದಿಂದ ಕತ್ತರಿಸಿ.

ಇಂತಿ,
ನಿಮ್ಮ ಹವ್ಯಾಸದ ಜೊತೆಗಾರ